ನೇಸರಗಿಯಲ್ಲಿಟ್ಟ ಚೀಲ

೧೫ ನವೆಂಬರ್ ೨೦೨೫, ಶನಿವಾರ, ಸಂಜೆ

ತಾಲೀಮು ಮುಗಿಯಿತು. ಶಿವಾನಿಯ ತೂಕ ಐವತ್ತು ಕಿಲೋಗೆ ಸರಿಯಾಗಿ ನಿಂತಿದೆ. ನಿವೃತ್ತನಾದ ಮೇಲೆ ಬೈಲಹೊಂಗಲದ ಈ ಗರಡಿಯಲ್ಲಿ ನಾನು ಪಳಗಿಸಿದ ಹುಡುಗಿಯರಲ್ಲಿ ದಿಲ್ಲಿಯ ಕುಸ್ತಿ ಟ್ರಯಲ್‌ಗೆ ಕರೆ ಬಂದದ್ದು ಇವಳೊಬ್ಬಳಿಗೇ.

ಅಟ್ಲಾಸ್ ಬಿಡಿಸಿ, ಸಾಂಬ್ರಾ ವಿಮಾನ ನಿಲ್ದಾಣದಿಂದ ದಿಲ್ಲಿಗೆ ದಾರ ಹಿಡಿದು ಅಳೆದೆವು. ಸಾವಿರದ ನಾನೂರು ಕಿಲೋಮೀಟರಿಗೆ ತುಸು ಹೆಚ್ಚು. ಹಾರಾಟ ಎರಡೂವರೆ ತಾಸು.

"ರಾಮದುರ್ಗಕ್ಕ ಬಸ್ಸಿನ್ಯಾಗ ಹ್ವಾದಷ್ಟಽ ಹೊತ್ತಲ್ರಿ, ಸರ!"

ಶಿವಾನಿ ನಕ್ಕಳು. ಆ ನಗುವಿಗಾಗಿ ಇನ್ನೂ ಹತ್ತು ವರ್ಷ ಅಖಾಡದ ಮಣ್ಣು ಹದ ಮಾಡಬಲ್ಲೆ.

೧೭ ನವೆಂಬರ್, ಸೋಮವಾರ

ಗುರುವಾರ ಅಮಾವಾಸ್ಯೆ, ಅಂದೇ ವಿಮಾನ. ಶಿವಾನಿಯನ್ನು ಸಾಕಿದ ಅಜ್ಜಿ ರಾಚವ್ವ ಒಪ್ಪಲಿಲ್ಲ. ಕೊನೆಗೆ ಆಕೆಯೇ ದಾರಿ ಹೇಳಿದಳು — ಪ್ರಸ್ಥಾನ. ಒಳ್ಳೆಯ ದಿನ ನೋಡಿ ಪ್ರಯಾಣದ ಚೀಲವನ್ನು ಹೋಗುವ ದಿಕ್ಕಿನ ಮನೆಯೊಂದರಲ್ಲಿಟ್ಟರೆ ಪಯಣ ಅಂದೇ ಆರಂಭವಾದಂತೆ. ಹೊರಡುವ ದಿನ ಎತ್ತಿಕೊಂಡರಾಯಿತು. ಸಾಂಬ್ರಾ ದಾರಿಯಲ್ಲಿ ನೇಸರಗಿ. ಅಲ್ಲಿ ರಾಚವ್ವನ ಮಗ, ಶಿವಾನಿಯ ಸೋದರಮಾವ ಶಂಕ್ರೆಪ್ಪನ ಮನೆ.

"ಮಾವನ ಮನಿ ಬ್ಯಾಡ್ರಿ, ಸರ. ತನ್ನ ಮಗ ಅಪ್ಪೂಗ ನನ್ನ ತಂದ್ಕೊಳ್ಳೂ ಮಾತು ಇನ್ನಾ ಬಿಟ್ಟಿಲ್ಲಂವ. ಚೀಲ ನನ್ನ ಕೈಯಾಗಽ ಇರ್ಲಿ."

ಹಿರಿಯರನ್ನು ನೋಯಿಸಿ ಹೊರಟ ಪಯಣ ಫಲಿಸದು, ಅಜ್ಜಿಯ ಮಾತು ಕೇಳು ಎಂದೆ. ಚೀಲ ತಂದು ನನ್ನ ಮುಂದಿಟ್ಟಳು. ಮರೆವಿಗೆ ಎಡೆಯಿರಬಾರದೆಂದು ಆಧಾರ್, ಜನನ ಪ್ರಮಾಣಪತ್ರ, ಟ್ರಯಲ್‌ನ ಕರೆಪತ್ರ — ಮೂಲ ಪ್ರತಿಗಳನ್ನೆಲ್ಲ ಚೀಲದ ತಳದಲ್ಲಿಟ್ಟು ನಾನೇ ಒಯ್ದು ಕೊಟ್ಟು ಬಂದೆ.

೨೦ ನವೆಂಬರ್, ಗುರುವಾರ

ಕಾರು ನಿಲ್ಲಿಸಿದಾಗ ಶಂಕ್ರೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಚೀಲ ದೇವರ ಕೋಣೆಯಲ್ಲಿ. ಕೋಣೆಗೆ ಬೀಗ.

"ಬರ್ರಿ ಸರ, ಕುಂದರ್ರಿ, ಚಹಾ ಕುಡೀರಿ. ಕೀಲಿ ಅಪ್ಪೂನ ಕಡೆ ಐತಿ. ಅಂವ ಸವದತ್ತಿಗೆ ಹೋಗ್ಯಾನ."

"ಫೋನ್ ಮಾಡ್ರಿ."

"ಮಾಡೇನ್ರಿ. ಎತ್ತವಲ್ಲ."

ಶಿವಾನಿ ಬಾಗಿಲಿಗೆ ಭುಜ ಕೊಟ್ಟಳು. ಬೀಳ್ಕೊಡಲೆಂದು ಜೊತೆಗೆ ಬಂದಿದ್ದ ರಾಚವ್ವ ಅಡ್ಡ ನಿಂತಳು. "ದೇವರ ಬಾಗಲಾ ಮುರೀತಿ ಏನ, ಹುಚ್ಚಿ?"

ಕೈಮುಗಿದೆ. ನಾಳೆ ಬೆಳಿಗ್ಗೆಯೇ ತೂಕ, ಮೂಲ ದಾಖಲೆಯಿಲ್ಲದೆ ಒಳಗೇ ಬಿಡುವುದಿಲ್ಲ, ರೈಲು ಹಿಡಿದರೆ ಮುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದೆ. ಶಂಕ್ರೆಪ್ಪ ಚಹಾ ಹೀರಿದ.

"ದಿಲ್ಲಿ ಎಷ್ಟ ಅಂದ್ರಿ? ಎರಡೂವರಿ ತಾಸ? ಇಲ್ಲಿಂದ ನಮ್ಮ ಅಡಿಗಿಮನಿ ಎರಡಽ ಮಾರು, ಸರ. ಹುಡುಗಿ ಪ್ರಸ್ಥಾನ ಯಾರ ಮನ್ಯಾಗ ಐತಿ, ಆಕಿ ಬರೂದು ಆ ಮನಿಗೇ."

ರಾಚವ್ವ ತಲೆ ಎತ್ತಲಿಲ್ಲ. ಆಗ ತಿಳಿಯಿತು ನನಗೆ, ಆಕೆ ಪ್ರಸ್ಥಾನದ ದಾರಿ ಹೇಳಿದ್ದು ಅಮಾವಾಸ್ಯೆಗಲ್ಲ, ಈ ಮದುವೆಗೆ.

ವಿಮಾನ ಊರಿನ ಮೇಲೆ ಹಾದು ಉತ್ತರಕ್ಕೆ ಹೋಯಿತು. ಸದ್ದು ಅಡಗುವವರೆಗೂ ಶಿವಾನಿ ಅಂಗಳದಲ್ಲೇ ನಿಂತಿದ್ದಳು. ಬಳಿಕ ಹಿತ್ತಲಿನಿಂದ ಅಪ್ಪು ಬಂದ, ಬೆರಳಿನಲ್ಲಿ ಕೀಲಿ ತಿರುಗಿಸುತ್ತ.

೧೪ ಡಿಸೆಂಬರ್, ರವಿವಾರ

ಧನುರ್ಮಾಸ ಹಿಡಿಯುವ ಮೊದಲೇ ಶಿವಾನಿಗೂ ಅಪ್ಪುವಿಗೂ ಅಕ್ಷತೆ ಹಾಕಿ ಮುಗಿಸಿದರು. ಹೋಗಬಾರದೆಂದಿದ್ದೆ. ಹೋದೆ. ಅವಳಿಗಿನ್ನೂ ಹತ್ತೊಂಬತ್ತು, ಬರುವ ವರ್ಷವೂ ಟ್ರಯಲ್ ಉಂಟೆಂದು ಹೇಳಬೇಕಿತ್ತು.

ಶಂಕ್ರೆಪ್ಪ ಎಲ್ಲರೆದುರು ನನಗೆ ಶಾಲು ಹೊದಿಸಿದ. "ಚೀಲ ತಂದ ಮುಟ್ಟಿಸಿದವರು ನೀವಽ. ಮೊದಲ ಮಾನ ನಿಮ್ದು, ಸರ."

ಮಂದಿ ನಕ್ಕರು. ಶಿವಾನಿ ಕಾಲಿಗೆ ನಮಸ್ಕರಿಸಲು ಬಾಗಿದಳು. ಬರುವ ವರ್ಷದ ಮಾತು ತೆಗೆದೆ. ಬಾಗಿದಲ್ಲೇ ಕೇಳಿದಳು —

"ಅಜ್ಜಿ ಮಾತ ಕೇಳು ಅಂದವರು ನೀವಽ ಅಲ್ರಿ, ಸರ?"