ಅಪ್ಪನ ಏಪ್ರನ್

ಇಟ್ಸೆಲ್,

ಬೆಳಗ್ಗೆ ಆರಕ್ಕೆ ಟೊಮೆಟೊ ತರೋಕೆ ಮಾರ್ಕೆಟ್ಟಿಗೆ ಹೋದ ನಿಮ್ಮಪ್ಪ ಇನ್ನೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಅಲ್ಲಿ ವಲಸೆ ಪೊಲೀಸರು ನಮ್ಮ ಹಾಗೆ ಕಾಗದಪತ್ರ ಇಲ್ಲದವರನ್ನೆಲ್ಲ ವ್ಯಾನಿಗೆ ತುಂಬ್ತಿದಾರಂತೆ. ನಾನು ವಕೀಲರ ಹತ್ರ ಓಡ್ತಿದೀನಿ.

ತೊರ್ತಿಯಾ ರೊಟ್ಟಿಗೆ ಸುಣ್ಣದ ನೀರಲ್ಲಿ ನೆನೆಸಿರೋ ಮೆಕ್ಕೆಜೋಳನ ಸಿಪ್ಪೆ ಬಿಡೋ ತನಕ ತೊಳಿ. ಹೋದ ಸಲದ ಹಾಗೆ ಅರ್ಧಂಬರ್ಧ ಮಾಡಿದ್ರೆ ನೋಡು! ಯಾರು ಬಾಗಿಲು ತಟ್ಟಿದ್ರೂ ಉಸಿರೆತ್ತಬೇಡ.

ಬೇಡ, ಜೋಳ ಹಾಳಾಗಿ ಹೋಗಲಿ. ಇದನ್ನ ಓದಿದ ಕೂಡಲೇ ಹಿಂದಿನ ಬಾಗಿಲಿಂದ ಚೇಲಾ ಅತ್ತೆ ಮನೆಗೆ ಹೋಗ್ಬಿಡು ಮಗಳೇ. ಈಗ ನೋಡಿದೆ, ಮೊಳೆ ಮೇಲೆ ಅಪ್ಪನ ಏಪ್ರನ್ ಇಲ್ಲ. ಹಾಕ್ಕೊಂಡೇ ಹೋಗಿದಾರೆ. ಮನೇಲೇ ಈ ಹೋಟೆಲ್ ಶುರುವಾದಾಗ ಅದರ ಎದೆ ಮೇಲೆ, ದೂರದಿಂದಲೂ ಕಾಣಲಿ ಅಂತ ಕೆಂಪು ದಾರದಲ್ಲಿ, ನಮ್ಮ ವಿಳಾಸ ಕಸೂತಿ ಹಾಕಿದವಳು ನಾನೇ.

ಅಮ್ಮ