ಹಿಂದಿನ ಸಾಲಿನಲ್ಲಿ ಅಕ್ಕ

ನವೆಂಬರ್ ೧೬, ಶನಿವಾರ

ನಿದ್ದೆ ಹತ್ತುತ್ತಿಲ್ಲ. ಅಕ್ಕ ನನ್ನನ್ನು ‘ಸಾರ್’ ಎಂದು ಕರೆದದ್ದು ಕಿವಿಯಿಂದ ಹೋಗುತ್ತಿಲ್ಲ.

ಇವತ್ತು ವಿಶ್ವವಿದ್ಯಾಲಯದ ನಮ್ಮ ಪ್ರಯೋಗಾಲಯಕ್ಕೆ ಜನರನ್ನು ಕರೆದಿದ್ದೆವು. ಕ್ಯಾನ್ಸರ್ ಗಡ್ಡೆ ಕರಗಿಸುವ ನಮ್ಮ ಹೊಸ ಔಷಧಿಯ ಬಗ್ಗೆ ನಾನು ಮಾತಾಡಿದೆ. ಇಲಿಯ ಮೈಯಲ್ಲಿ ಗಡ್ಡೆ ಕರಗಿದ ಚಿತ್ರ ತೋರಿಸಿದಾಗ ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದಳು ಅಕ್ಕ. ಬರುತ್ತೇನೆಂದು ಹೇಳಿಯೇ ಇರಲಿಲ್ಲ.

“ಸಾರ್, ಇದು ನಮ್ಮಂಥೋರಿಗೆ ಯಾವಾಗ ಸಿಗುತ್ತೆ?”

ಅವಳ ಕ್ಯಾನ್ಸರ್‌ಗೆ ಈಗಿನ ಯಾವ ಚಿಕಿತ್ಸೆಯೂ ನಾಟುತ್ತಿಲ್ಲ. ಮನೆಯಲ್ಲಿ ಕೇಳಿದಾಗಲೆಲ್ಲ ‘ಇನ್ನೇನು ಬಂದೇಬಿಡುತ್ತೆ’ ಎನ್ನುತ್ತಿದ್ದೆ. ಅಷ್ಟು ಜನರ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ.

“ಮನುಷ್ಯರ ಮೇಲೆ ಪರೀಕ್ಷೆ ಇನ್ನೂ ಶುರುವಾಗಿಲ್ಲ. ಎಲ್ಲಾ ಸರಿಹೋದ್ರೂ ಹತ್ತು ವರ್ಷ ಬೇಕು” ಎಂದೆ.

“ಥ್ಯಾಂಕ್ಸ್ ಸಾರ್” ಎಂದು ಕೂತಳು.

ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಬಂದೆವು. “ಯಾಕೆ ಹಾಗೆ ಕೇಳಿದೆ ನೀನು?” ಎಂದೆ.

“ತಮ್ಮನನ್ನ ಕೇಳಿ ಕೇಳಿ ಸಾಕಾಗಿತ್ತು ಕಣೋ. ವಿಜ್ಞಾನಿ ಏನಂತಾನೆ ನೋಡೋಣ ಅಂತ ಬಂದೆ” ಎಂದು ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ, “ಈ ಔಷಧಿ ನನ್ನ ಕಾಲಕ್ಕೆ ಬರಲ್ಲ ಅಂತ ಮಗಳಿಗೆ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿರು, ಸಾಕು” ಎಂದಳು.

ನಾಳೆ ತಿಂಡಿಯಾದ ಮೇಲೆ ಹೇಳುತ್ತಾಳಂತೆ. ‘ಹೌದಾ ಮಾಮ?’ ಎಂದು ಆ ಹುಡುಗಿ ನನ್ನ ಕಡೆಯೇ ತಿರುಗುತ್ತಾಳೆ. ಹೌದು ಎಂದು ತಲೆಯಾಡಿಸಬೇಕು. ಅವಳ ಮುಖ ನೋಡಿಕೊಂಡು ಅಷ್ಟಾದರೂ ನನ್ನ ಕೈಲಿ ಆದರೆ…