ಎಕ್ಸಾಸ್ಟ್ ಫ್ಯಾನಿನ ಜೇಡರ ಬಲೆ

ಗುಣಾ,

ನೀನು ಸ್ನಾನ ಮುಗಿಸಿ ಬರುವ ಮೊದಲೇ ನಾನು ಹೊರಟೆ. ಎದುರು ನಿಂತು ಹೇಳಲು ಮುಖ ಇಲ್ಲ. ಚಹಾ ಫ್ಲಾಸ್ಕಿನಲ್ಲಿ ಉಂಟು. ಪಕ್ಕದಲ್ಲಿ ಕೆಮ್ಮಿನ ಔಷಧಿ ಇಟ್ಟಿದ್ದೇನೆ, ಮರೆಯದೆ ಕುಡಿ.

ನಿನ್ನೆ ಸಂಜೆ ಹೇಳದೆ ನಿನ್ನ ಕ್ಯಾಂಟೀನಿಗೆ ಬಂದೆನಲ್ಲ, ನೀನು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಗೋಳಿಬಜೆ ಕರಿಯುತ್ತಿದ್ದೆ. ಮೇಲೆ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಜೇಡ ಬಲೆ ಕಟ್ಟಿತ್ತು. ಫ್ಯಾನ್ ಯಾಕೆ ಹಾಕಲಿಲ್ಲ ಎಂದು ಕೇಳಿದರೆ, "ಬಿಲ್ಲು ಜಾಸ್ತಿ ಬಂದರೆ ನಿಮಗೇ ನಾಚಿಕೆ ಅಲ್ವಾ?" ಅಂದೆ.

ಊರಿನ ಅಂಗಡಿಯವರಿಗೆಲ್ಲ ಕರೆಂಟು ಉಳಿಸುವ ಪಾಠ ಹೇಳುವವನು ನಾನು. ಮೀಟಿಂಗುಗಳಲ್ಲಿ ನಿನ್ನ ಕಡಿಮೆ ಬಿಲ್ಲನ್ನೇ ಎತ್ತಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಹೊಗೆಯ ಬಗ್ಗೆ ನೀನೂ ಒಂದು ಮಾತು ಹೇಳಬಹುದಿತ್ತು ಮಾರಾಯ್ತಿ! ಆ ಫ್ಯಾನು ತಿನ್ನುವುದು ಒಂದು ಹಳೆ ಬಲ್ಬಿನಷ್ಟು ಕರೆಂಟು. ನಿಜವಾಗಿ ತಿನ್ನುವುದು ಬಾಗಿಲಿನ ರಬ್ಬರು ಹರಿದ ನಿನ್ನ ಫ್ರಿಜ್ಜು. ಅದನ್ನು ನೀನು ಹೇಳಿ ಆರು ತಿಂಗಳಾಯಿತು. "ನಾಳೆ ನೋಡ್ತೇನೆ" ಅಂದವನೂ ನಾನೇ.

ಹನ್ನೊಂದಕ್ಕೆ ಮೆಕ್ಯಾನಿಕ್ ಕ್ಯಾಂಟೀನಿಗೆ ಬರ್ತಾನೆ, ಹೊಸ ರಬ್ಬರು ಹಾಕಿಸು. ಫ್ಯಾನನ್ನು ನಾನೇ ಬೆಳಿಗ್ಗೆ ಹೋಗಿ ಒರೆಸಿ ಬಂದಿದ್ದೇನೆ. ಒಲೆ ಹಚ್ಚುವ ಮೊದಲು ಅದರ ಸ್ವಿಚ್ ಹಾಕು.

ಇವತ್ತು ಕುದ್ರೋಳಿಯಲ್ಲಿ ಸಣ್ಣ ಹೋಟೆಲಿನವರ ಮೀಟಿಂಗ್ ಉಂಟು. ನಿನ್ನ ಬಿಲ್ಲು ತೋರಿಸುವುದಿಲ್ಲ. ಒರೆಸುವ ಮೊದಲು ಬಲೆಯ ಫೋಟೋ ತೆಗೆದಿಟ್ಟಿದ್ದೇನೆ. ಅದನ್ನು ತೋರಿಸಿ, ಇದು ನನ್ನ ಹೆಂಡತಿಯ ಅಡುಗೆಮನೆ, ಈ ಬಲೆ ಕಟ್ಟಿಸಿದವನು ನಾನು ಅಂತ ಹೇಳ್ತೇನೆ.

ಚಿತ್ತರಂಜನ